ಅಂಚೆ ಯಾರ ಕೈಯಲ್ಲಿರಬೇಕು? – ಕೊನೆ ಮನೆಯವನ ಲೆಕ್ಕ

ಹಿಂದಿನ ಮುಂಗಾರಿಗೆ ಮೊದಲು ಹಾವೇರಿ ಕಡೆಯ ರೈತರೊಬ್ಬರು ನವಣೆ ಬೀಜ ಬೇಕೆಂದು ಕಾರ್ಡು ಬರೆದಿದ್ದರು. ಬೀಜ ಹೆಚ್ಚಿಸಿಕೊಳ್ಳಲು ಕಾಲು ಕೆಜಿ ಸಾಕು ಅಂದಿದ್ದರು. ಬಟ್ಟೆ ಚೀಲದಲ್ಲಿ ಹೊಲಿದು, ಹೇಗೂ ತಾಲೂಕು ಪೇಟೆಗೆ ಹೋಗಿದ್ದೆನಲ್ಲ ಅಂತ ಅಲ್ಲಿಯ ಕೊರಿಯರ್ ಅಂಗಡಿಯಲ್ಲಿ ಕೊಟ್ಟು ಬಂದೆ. ನಾಲ್ಕು ದಿನ ಬಿಟ್ಟು ಅವರಿಂದ ಫೋನು. "ಯಜಮಾನ್ರೇ, ಪಾರ್ಸೆಲ್ ಬಂದೈತಂತೆ, ಆದ್ರೆ ನಮ್ಮ ಹಳ್ಳಿಗೆ ತರೋದಿಲ್ಲವಂತೆ. ಪೇಟೆಗೆ ಬಂದು ತಗೊಂಡ್ಹೋಗಿ ಅಂತಾರೆ."

ಅವರ ಊರಿಂದ ಪೇಟೆ 28 ಕಿ.ಮೀ. ಅದೂ ಹದ ಮಳೆ ಬಿದ್ದ ವಾರ. ಎತ್ತು ಬಿಟ್ಟು ಬಸ್ಸು ಹತ್ತುವುದು ಯಾರಿಂದಾದೀತು? ಅವರು ಹೋಗಿ ತರುವಷ್ಟರಲ್ಲಿ ಹದ ಹೋಗಿತ್ತು. ಒಂದು ವರ್ಷ ಹಿಂದೆ ಬಿತ್ತು. ಈ ಸಲ ಅದೇ ತೂಕದ ಬೀಜವನ್ನು ನಮ್ಮೂರ ಬ್ರಾಂಚ್ ಪೋಸ್ಟಾಫೀಸಿನಲ್ಲಿ ಕೊಟ್ಟೆ. ಪೋಸ್ಟಣ್ಣ ಅವರ ಮನೆ ಜಗಲಿಗೇ ಮುಟ್ಟಿಸಿದ.

ಕೊರಿಯರಿನವರನ್ನು ನಾನು ಬೈಯುವುದಿಲ್ಲ. ಒಂದು ಚೀಲಕ್ಕಾಗಿ 28 ಕಿ.ಮೀ. ಹೋಗಿ ಬಂದರೆ ಅವರ ಪೆಟ್ರೋಲಿನ ದುಡ್ಡೂ ಹುಟ್ಟುವುದಿಲ್ಲ. ವ್ಯಾಪಾರ ಮಾಡುವವನು ಗಿಟ್ಟುವ ಕಡೆ ಹೋಗುತ್ತಾನೆ, ಅದರಲ್ಲಿ ತಪ್ಪೇನಿಲ್ಲ. ಆದರೆ "ಅಂಚೆ ಲಾಸಿನಲ್ಲಿದೆ, ಖಾಸಗಿಯವರಿಗೆ ಕೊಟ್ಟುಬಿಡಿ" ಅಂತ ನಮ್ಮೂರ ಕಟ್ಟೆಯಲ್ಲೂ ಮಾತು ಕೇಳುತ್ತಿದೆ. ಆ ಮಾತಾಡುವ ಮುಂಚೆ ಲೆಕ್ಕ ಹಾಕಬೇಕು. ನಾನು ಹಾಕಿದ ಲೆಕ್ಕ ಇಲ್ಲಿದೆ.

ಒಂದೇ ದರದ ಗುಟ್ಟು

ಸಾಧಾರಣ ಕಾಗದಕ್ಕೆ 20 ಗ್ರಾಮಿನವರೆಗೆ 5 ರೂಪಾಯಿ. ಪಕ್ಕದೂರಿಗೂ ಅಷ್ಟೇ, ಕಾಶ್ಮೀರಕ್ಕೂ ಅಷ್ಟೇ. ದೂರ ನೋಡದೆ ಒಂದೇ ದರ ಎಂಬ ಪದ್ಧತಿ 1840ರಲ್ಲಿ ಇಂಗ್ಲೆಂಡಿನಲ್ಲಿ ಬಂತು. ರೋಲ್ಯಾಂಡ್ ಹಿಲ್ ಎಂಬಾತ ಅದನ್ನು ಮುಂದಿಟ್ಟವನು. ಕಾಗದ ಸಾಗಿಸಲು ತಗಲುವ ಖರ್ಚು ಬಹಳ ಕಮ್ಮಿ, ದೂರ ಅಳೆದು ಹಣ ವಸೂಲು ಮಾಡುವ ರಗಳೆಗೇ ಖರ್ಚು ಜಾಸ್ತಿ ಅಂತ ಅವನು ಲೆಕ್ಕ ಮಾಡಿ ತೋರಿಸಿದ. ನಮ್ಮ ದೇಶಕ್ಕೆ ಆ ಪದ್ಧತಿ 1854ರಲ್ಲಿ ಬಂತು, ಕಾಗದಕ್ಕೆ ಅರ್ಧ ಆಣೆ. ಆಗ ಮೈಸೂರು ಸಂಸ್ಥಾನಕ್ಕೆ ತನ್ನದೇ ಅಂಚೆ ಇತ್ತು. ಅದು 1889ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯೊಳಗೆ ಸೇರಿತು.

ಒಂದೇ ದರ ಅಂದರೆ ಏನರ್ಥ? ಪೇಟೆಯ ಒಂದೇ ಬೀದಿಯಲ್ಲಿ ನೂರು ಕಾಗದ ಹಂಚಿದಾಗ ಉಳಿಯುವ ದುಡ್ಡು, ಹಳ್ಳಿಯಲ್ಲಿ ಮೂರು ಕಾಗದಕ್ಕೆ ಮೂರು ಮೈಲಿ ನಡೆಯುವ ಪೋಸ್ಟಣ್ಣನ ಖರ್ಚಿಗೆ ಆಗುತ್ತದೆ. ಪೇಟೆಯ ಬೀದಿಗಳನ್ನು ಮಾತ್ರ ಬೇರೆಯವರು ಹಿಡಿದುಕೊಂಡರೆ? ಕೆನೆ ಅವರಿಗೆ, ನೀರು ಮಜ್ಜಿಗೆ ಅಂಚೆಗೆ. ಆಮೇಲೆ "ನೋಡಿ, ಅಂಚೆ ಲಾಸು" ಎನ್ನುವುದು ಸುಲಭ. ಕೊರಿಯರಿನವರು ಹಾಗೆ ಪೇಟೆ ಹಿಡಿದು ಬಹಳ ವರ್ಷವಾಯಿತು. 1898ರ ಹಳೇ ಕಾಯ್ದೆಯಲ್ಲಿ ಕಾಗದ ಸಾಗಿಸುವ ಹಕ್ಕು ಸರ್ಕಾರದ್ದು ಮಾತ್ರ ಅಂತ ಇತ್ತು. 2023ರ ಹೊಸ ಕಾಯ್ದೆ 2024ರ ಜೂನ್ 18ರಂದು ಜಾರಿಗೆ ಬಂತು, ಆ ಹಕ್ಕು ಅದರಲ್ಲಿಲ್ಲ.

ನಷ್ಟ ಎಷ್ಟು?

ಸ್ವಾತಂತ್ರ್ಯ ಬಂದಾಗ ದೇಶದಲ್ಲಿದ್ದ ಅಂಚೆ ಕಚೇರಿಗಳು 23,344, ಬಹುತೇಕ ಪಟ್ಟಣಗಳಲ್ಲೇ. ಈಗ ಸುಮಾರು 1 ಲಕ್ಷ 64 ಸಾವಿರ. ಹತ್ತರಲ್ಲಿ ಒಂಬತ್ತು ಹಳ್ಳಿಗಳಲ್ಲಿವೆ. ಲಾಭ ನೋಡಿಕೊಂಡಿದ್ದರೆ ಈ ಕಚೇರಿಗಳಲ್ಲಿ ಹೆಚ್ಚಿನವು ಹುಟ್ಟುತ್ತಲೇ ಇರಲಿಲ್ಲ.

ನಷ್ಟ ಇರುವುದು ನಿಜ, ಮುಚ್ಚಿಡಬಾರದು. 50 ಪೈಸೆಯ ಕಾರ್ಡೊಂದಕ್ಕೆ 2016-17ರಲ್ಲಿ ಇಲಾಖೆಗೆ ಬಿದ್ದ ಖರ್ಚು ಸುಮಾರು 12 ರೂಪಾಯಿ. 2018-19ರಲ್ಲಿ ಇಲಾಖೆಯ ಕೊರತೆ ಸುಮಾರು 15 ಸಾವಿರ ಕೋಟಿ. ಖರ್ಚಿನಲ್ಲಿ ದೊಡ್ಡ ಪಾಲು ಸಂಬಳ, ಪಿಂಚಣಿ.

15 ಸಾವಿರ ಕೋಟಿ ಅಂದರೆ ಎದೆ ಝಲ್ ಅನ್ನುತ್ತದೆ. ಅದನ್ನು 130 ಕೋಟಿ ಜನಕ್ಕೆ ಹಂಚಿ ನೋಡಿ. ತಲೆಗೆ ವರ್ಷಕ್ಕೆ ಸುಮಾರು 115 ರೂಪಾಯಿ. ಆ ದುಡ್ಡಿಗೆ ಊರೂರಲ್ಲಿ ಒಂದು ಕಚೇರಿ, ಉಳಿತಾಯದ ಪಾಸ್‌ಬುಕ್ಕು, 2018ರಿಂದ ಅಂಚೆ ಪೇಮೆಂಟ್ಸ್ ಬ್ಯಾಂಕು. ಮುದುಕಿಯೊಬ್ಬಳು ಬೆರಳು ಒತ್ತಿ ತನ್ನ ಪಿಂಚಣಿಯನ್ನು ಮನೆ ಬಾಗಿಲಲ್ಲೇ ತೆಗೆದುಕೊಳ್ಳಬಹುದು. ಊರಿನ ರಸ್ತೆಯಿಂದ ಲಾಭ ಬಂತೇ ಅಂತ ಯಾರೂ ಕೇಳುವುದಿಲ್ಲ. ಅಂಚೆಯೂ ಒಂದು ರಸ್ತೆಯೇ.

ಬೇರೆ ದೇಶದವರು ಕಂಡದ್ದು

ಬ್ರಿಟನ್ ತನ್ನ ರಾಯಲ್ ಮೇಲ್ ಅನ್ನು 2013ರಲ್ಲಿ ಷೇರು ಪೇಟೆಗೆ ಬಿಟ್ಟಿತು. ವಾರಕ್ಕೆ ಆರು ದಿನ, ದೇಶಕ್ಕೆಲ್ಲ ಒಂದೇ ದರದಲ್ಲಿ ಕಾಗದ ಮುಟ್ಟಿಸಬೇಕೆಂದು ಕಾನೂನಿನಲ್ಲಿ ಕಟ್ಟಿಹಾಕಿಯೇ ಮಾರಿದರು. ಆಗ ಮೊದಲ ದರ್ಜೆಯ ಅಂಚೆಚೀಟಿ 60 ಪೆನ್ಸ್. 2025ರ ಏಪ್ರಿಲಿನಲ್ಲಿ ಅದು 170 ಪೆನ್ಸ್ ಆಯಿತು. ಹೊತ್ತಿಗೆ ಸರಿಯಾಗಿ ಮುಟ್ಟಿಸಲಿಲ್ಲವೆಂದು ಅಲ್ಲಿನ ನಿಯಂತ್ರಣ ಸಂಸ್ಥೆ 2023, 2024, 2025ರಲ್ಲಿ ಸಾಲಾಗಿ ದಂಡ ಹಾಕಿತು. 2025ರಲ್ಲಿ ಕಂಪನಿ ಚೆಕ್ ದೇಶದ ಸಾಹುಕಾರನೊಬ್ಬನ ಕೈ ಸೇರಿತು. ಅದೇ ವರ್ಷ ಜುಲೈ ಕೊನೆಯಿಂದ ಎರಡನೇ ದರ್ಜೆಯ ಕಾಗದವನ್ನು ದಿನ ಬಿಟ್ಟು ದಿನ ಹಂಚಲು ಒಪ್ಪಿಗೆಯೂ ಸಿಕ್ಕಿತು. ಎಲ್ಲಾ ತಪ್ಪು ಖಾಸಗಿಯದೇ ಎನ್ನಲಾರೆ, ಕಾಗದ ಬರೆಯುವವರೇ ಅಲ್ಲೂ ಕಮ್ಮಿಯಾಗಿದ್ದಾರೆ. ಆದರೆ ಮಾರಿದ ಮೇಲೆ ಅಗ್ಗವಾಗುತ್ತದೆ, ಚುರುಕಾಗುತ್ತದೆ ಎನ್ನುವ ಮಾತು ಅಲ್ಲಿ ನಿಜವಾಗಲಿಲ್ಲ.

ಸರ್ಕಾರದ ಕೈಯಲ್ಲಿದ್ದರೆ ಮಾತ್ರ ಸಾಕೇ? ಅದೂ ಅಲ್ಲ. ಡೆನ್ಮಾರ್ಕಿನ ಅಂಚೆ ಕಂಪನಿ ಡೆನ್ಮಾರ್ಕ್, ಸ್ವೀಡನ್ ಎರಡು ಸರ್ಕಾರಗಳದ್ದೇ. ಎಲ್ಲರಿಗೂ ಕಾಗದ ಮುಟ್ಟಿಸಲೇಬೇಕೆಂಬ ಕಟ್ಟುಪಾಡನ್ನು 2024ರಲ್ಲಿ ಕಾನೂನಿನಿಂದ ತೆಗೆದರು. 2025ರ ಡಿಸೆಂಬರಿನಲ್ಲಿ ಆ ಕಂಪನಿ ಕಾಗದ ಹಂಚುವುದನ್ನೇ ನಿಲ್ಲಿಸಿತು. ಯಜಮಾನ ಯಾರೇ ಆಗಲಿ, ಕಟ್ಟುಪಾಡು ಹೋದರೆ ಕೊನೆ ಮನೆಯೂ ಹೋಯಿತು.

ನಮ್ಮಂಥವರು ಕೇಳಲೇಬೇಕಾದ ಕತೆ ಅಮೆರಿಕದ್ದು. 1896ಕ್ಕೆ ಮುಂಚೆ ಅಲ್ಲಿಯ ರೈತ ತನ್ನ ಕಾಗದಕ್ಕೆ ತಾನೇ ಪೇಟೆಗೆ ಹೋಗಬೇಕಿತ್ತು. ಗ್ರೇಂಜ್ ಎಂಬ ರೈತ ಸಂಘ ವರ್ಷಗಟ್ಟಲೆ ಒತ್ತಾಯ ಮಾಡಿದ ಮೇಲೆ ತೋಟದ ಮನೆಗೇ ಅಂಚೆ ಬರತೊಡಗಿತು. ಆದರೂ ನಾಲ್ಕು ಪೌಂಡಿಗಿಂತ ಭಾರದ ಗಂಟು ಖಾಸಗಿ ಎಕ್ಸ್‌ಪ್ರೆಸ್ ಕಂಪನಿಗಳದ್ದೇ ಪಾಲು. ಅವು ರೈಲು ಹೋಗುವ ಊರು ಬಿಟ್ಟು ಆಚೆ ಬರುವುದು ಅಪರೂಪ. ಅವುಗಳ ವಿರೋಧದ ನಡುವೆಯೂ 1913ರ ಜನವರಿ 1ರಿಂದ ಸರ್ಕಾರಿ ಪಾರ್ಸೆಲ್ ಅಂಚೆ ಶುರುವಾಯಿತು. ಮರುವರ್ಷ ರೈತರ ಮೊಟ್ಟೆ, ಬೆಣ್ಣೆಯನ್ನು ಅಂಚೆಯಲ್ಲೇ ನೇರ ಪೇಟೆ ಮನೆಗಳಿಗೆ ಕಳಿಸುವ ಪ್ರಯೋಗವೂ ನಡೆಯಿತು.

ನಮ್ಮ ಅಂಚೆಯ ಹುಳುಕು

ನಮ್ಮ ಅಂಚೆಗೆ ನಾನು ಮಂಗಳಾರತಿ ಎತ್ತುತ್ತಿಲ್ಲ. ಕೆಲವು ಸಲ ಎರಡು ತಿಂಗಳ ಪತ್ರಿಕೆ ಒಟ್ಟಿಗೇ ಬರುತ್ತದೆ. "ನೆಟ್ವರ್ಕ್ ಇಲ್ಲ, ನಾಳೆ ಬನ್ನಿ" ಎನ್ನುವುದು ಮಾಮೂಲು. 2025ರಲ್ಲಿ ರಿಜಿಸ್ಟರ್ ಅಂಚೆಯನ್ನು ಸ್ಪೀಡ್ ಪೋಸ್ಟಿನೊಳಗೆ ಸೇರಿಸಿದರು. ಮುಂಚೆ ತೆರಿಗೆ ಸೇರಿ ಸುಮಾರು 26 ರೂಪಾಯಿಗೆ ಹೋಗುತ್ತಿದ್ದ ಹಗುರ ಕಾಗದಕ್ಕೆ ಅಕ್ಟೋಬರಿನಿಂದ ಹೊರಗಿನ ಊರಾದರೆ 47 ರೂಪಾಯಿ, ಮೇಲೆ ತೆರಿಗೆ ಬೇರೆ. ಸರ್ಕಾರದ ಇಲಾಖೆಯೇ ವ್ಯಾಪಾರಿಯಂತೆ ಯೋಚಿಸಿದರೆ ಹೀಗಾಗುತ್ತದೆ.

ಹಳ್ಳಿಯ ಅಂಚೆ ನಡೆಸುವ ಗ್ರಾಮೀಣ ಡಾಕ್ ಸೇವಕರು ದೇಶದಲ್ಲಿ ಸುಮಾರು ಎರಡೂವರೆ ಲಕ್ಷ. ಲೆಕ್ಕಕ್ಕೆ ದಿನಕ್ಕೆ ನಾಲ್ಕೈದು ತಾಸಿನ ಕೆಲಸ. ಖಾಯಂ ನೌಕರರಿಗಿರುವ ಪಿಂಚಣಿ ಇವರಿಗಿಲ್ಲ. ಇಡೀ ಇಲಾಖೆಯ ಭಾರ ನಿಂತಿರುವುದು ಇವರ ಸೈಕಲ್ಲಿನ ಮೇಲೆ.

ಏನು ಕೇಳಬೇಕು?

ನನ್ನ ಅಭಿಪ್ರಾಯ ಇಷ್ಟೇ. ಅಂಚೆ ಸರ್ಕಾರದ ಹಣದಲ್ಲೇ ನಡೆಯಲಿ. ಆದರೆ ನಷ್ಟ ಅಂತ ಮುಖ ಸಿಂಡರಿಸಿ ಕೊಡುವ ಭಿಕ್ಷೆಯಾಗಿ ಬೇಡ. ಹಳ್ಳಿಯ ಅಂಚೆಗೆ ಇಷ್ಟು ಅಂತ ಬಜೆಟ್ಟಿನಲ್ಲಿ ಬೇರೆಯಾಗಿ ತೋರಿಸಲಿ. ಪೇಟೆಯ ಪಾರ್ಸೆಲ್ ವ್ಯಾಪಾರದಲ್ಲಿ ಅಂಚೆಯೂ ಕೊರಿಯರಿನ ಜೊತೆ ಪೈಪೋಟಿ ಮಾಡಿ ಗಳಿಸಲಿ, ಬೇಡ ಅಂದವರು ಯಾರು? ಆದರೆ ಕೊನೆ ಮನೆಗೆ ಹೋಗಲೇಬೇಕು ಎಂಬ ಮಾತು ಕಾನೂನಿನಲ್ಲಿ ಗಟ್ಟಿಯಾಗಿ ಉಳಿಯಲಿ. ಬೀಜದಂಥ ಸಣ್ಣ ಗಂಟಿಗೆ ರೈತರ ರಿಯಾಯ್ತಿ ದರ ಬರಲಿ. ಡಾಕ್ ಸೇವಕರಿಗೆ ಪಿಂಚಣಿ ಸಿಗಲಿ.

ಕೂರಿಗೆ ಹಿಡಿದವನಿಗೆ ಗೊತ್ತು. ಹೊಲದ ಬದುವಿನ ಪಕ್ಕದ ಸಾಲಿನಲ್ಲಿ ಬೆಳೆ ಯಾವತ್ತೂ ಕಮ್ಮಿಯೇ. ಹಾಗಂತ ಆ ಸಾಲು ಬಿಟ್ಟು ಯಾರೂ ಬಿತ್ತುವುದಿಲ್ಲ. ಬಿಟ್ಟರೆ ಅಲ್ಲಿಂದಲೇ ಕಳೆ ಒಳಗೆ ಬರುತ್ತದೆ.

ನಾವೂ ಒಂದು ಕೆಲಸ ಮಾಡಬೇಕು. ಊರಿನ ಅಂಚೆ ಕಚೇರಿಯಲ್ಲಿ ಒಂದು ಆರ್.ಡಿ. ಖಾತೆ ತೆರೆಯೋಣ, ಬೀಜ, ಕಾಗದ ಅಲ್ಲಿಂದಲೇ ಕಳಿಸೋಣ. ವ್ಯವಹಾರವೇ ಇಲ್ಲದ ಕಚೇರಿಯನ್ನು ಮುಚ್ಚುವುದು ಸುಲಭ. ಈ ಪತ್ರಿಕೆ ನಿಮ್ಮ ಮನೆಗೆ ಬಂದದ್ದೂ ನೋಂದಾಯಿತ ಪತ್ರಿಕೆಗಳಿಗೆ ಅಂಚೆ ಕೊಡುವ ರಿಯಾಯ್ತಿ ದರದಲ್ಲೇ. ಅದು ತಪ್ಪಿದರೆ ಚಂದಾ ಎಷ್ಟಾದೀತು ಅಂತ ನೀವೇ ಲೆಕ್ಕ ಹಾಕಿ ನೋಡಿ. ಹಾಕಿದ್ದನ್ನು ಒಂದು ಕಾರ್ಡಿನಲ್ಲಿ ಬರೆದು ಸಂಪಾದಕರಿಗೆ ಕಳಿಸಿ. ಕಾರ್ಡಿಗೆ ಈಗಲೂ 50 ಪೈಸೆಯೇ.