ರಕ್ತದ ಗುಂಪು ಹೇಳದ ಸಂಬಂಧ

ಕೆಲವು ವರ್ಷಗಳ ಹಿಂದಿನ ಮಾತು. ಯಲಹಂಕದ ನಮ್ಮ ಶಾಲೆಯಲ್ಲಿ ಹತ್ತನೆಯ ತರಗತಿಗೆ ಅನುವಂಶೀಯತೆಯ ಪಾಠ ಮಾಡುತ್ತಿದ್ದೆ. ಮನೆಯವರೆಲ್ಲರ ರಕ್ತದ ಗುಂಪು ಬರೆದುಕೊಂಡು ಬನ್ನಿ ಎಂದು ಮಕ್ಕಳಿಗೆ ಹೇಳಿದ್ದೆ. ಮಾರನೆಯ ದಿನ ಒಬ್ಬ ವಿದ್ಯಾರ್ಥಿನಿಯ ತಂದೆತಾಯಿ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದರು.

"ಸಾರ್, ನಮ್ಮಿಬ್ಬರದೂ ಓ ಗುಂಪು. ಅವಳದು ಎ. ದತ್ತು ತಗೊಂಡ ಮಗು ಸಾರ್, ಅವಳಿಗೆ ಇನ್ನೂ ಹೇಳಿಲ್ಲ. ದಯವಿಟ್ಟು ಈ ಹೋಂವರ್ಕ್ ಬಿಟ್ಟುಬಿಡಿ" ಎಂದರು ತಾಯಿ.

ಓ ಗುಂಪಿನ ಇಬ್ಬರಿಗೆ ಎ ಗುಂಪಿನ ಮಗು ಸಾಮಾನ್ಯವಾಗಿ ಹುಟ್ಟುವುದಿಲ್ಲ ಎಂದು ಬೋರ್ಡಿನ ಮೇಲೆ ಬರೆದವನು ನಾನೇ! ಹೋಂವರ್ಕನ್ನು ಕೈಬಿಟ್ಟೆ. ಆದರೆ ಪಾಠ ಪುಸ್ತಕದಲ್ಲಿ ಉಳಿದೇ ಇತ್ತಲ್ಲ?

ದತ್ತು ನಮಗೆ ಹೊಸದಲ್ಲ. ಕಿತ್ತೂರು ಸಂಸ್ಥಾನದ ದತ್ತುಪುತ್ರ ಶಿವಲಿಂಗಪ್ಪನನ್ನು ಬ್ರಿಟಿಷರು ಒಪ್ಪದಿದ್ದುದು 1824ರ ಕಾಳಗಕ್ಕೆ ಕಾರಣವಾಯಿತೆಂದು ಮಕ್ಕಳು ಓದಿಯೇ ಇರುತ್ತಾರೆ. ಅಂದು ವಂಶಕ್ಕೊಬ್ಬ ಮಗ ಬೇಕಾಗಿದ್ದ. ಇಂದಿನ ಕಾನೂನು ನೋಡುವುದು ಮಗುವಿಗೊಂದು ಮನೆ ಸಿಗುವುದೇ ಎಂದು.

ದಾರಿ ಹೇಗೆ?

ಬಾಲನ್ಯಾಯ ಕಾಯ್ದೆ, 2015ರ ಪ್ರಕಾರ ಯಾವ ಧರ್ಮದವರೂ ದತ್ತು ಪಡೆಯಬಹುದು. ದಂಪತಿ ಮದುವೆಯಾಗಿ ಎರಡು ವರ್ಷವಾದರೂ ಆಗಿರಬೇಕು. ಎರಡು ವರ್ಷದೊಳಗಿನ ಮಗು ಬೇಕಾದರೆ ಇಬ್ಬರ ವಯಸ್ಸು ಕೂಡಿ 85 ಮೀರಬಾರದು. ಒಂಟಿ ಮಹಿಳೆಗೂ ಅವಕಾಶವುಂಟು; ಒಂಟಿ ಪುರುಷನಿಗೆ ಹೆಣ್ಣುಮಗುವನ್ನು ಕೊಡುವುದಿಲ್ಲ.

ಮೊದಲ ಹೆಜ್ಜೆ ಕೇಂದ್ರ ದತ್ತು ಸಂಪನ್ಮೂಲ ಪ್ರಾಧಿಕಾರದ, ಅಂದರೆ 'ಕಾರಾ'ದ, ಅಂತರ್ಜಾಲ ತಾಣದಲ್ಲಿ ನೋಂದಣಿ. ಆದಾಯ, ಆರೋಗ್ಯ, ಮದುವೆ, ವಯಸ್ಸಿನ ದಾಖಲೆಗಳನ್ನು ಕೊಡಬೇಕು. ಇದು ತಿಳಿಯದವರಿಗೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕ ನೆರವಾಗುತ್ತದೆ. ಆಮೇಲೆ ಸಮಾಜ ಕಾರ್ಯಕರ್ತರು ಮನೆಗೆ ಬಂದು ಮಾತನಾಡಿಸಿ ವರದಿ ಬರೆಯುತ್ತಾರೆ. ಅವರು ನೋಡುವುದು ನಿಮ್ಮ ಸೋಫಾ ಸೆಟ್ಟನ್ನಲ್ಲ, ಮನಸ್ಸಿನ ಸಿದ್ಧತೆಯನ್ನು. ಈ ವರದಿಗೆ ಮೂರು ವರ್ಷ ಮಾನ್ಯತೆ.

ಅನಂತರ ಕಾಯುವ ಕಾಲ. ಎಳೆಯ, ಆರೋಗ್ಯವಂತ ಮಗುವೇ ಬೇಕೆಂದರೆ ಇದು ಮೂರು ವರ್ಷವನ್ನೂ ಮೀರಬಹುದು. ಸರದಿ ಬಂದಾಗ ಮಗುವಿನ ಭಾವಚಿತ್ರ, ವೈದ್ಯಕೀಯ ವರದಿ ತೋರಿಸುತ್ತಾರೆ. 48 ಗಂಟೆಯೊಳಗೆ ಮಗುವನ್ನು ಕಾದಿರಿಸಿ, ಬಳಿಕ ಸಂಸ್ಥೆಗೆ ಹೋಗಿ ನೋಡಿ ಒಪ್ಪಿಗೆ ಕೊಡಬೇಕು. ದತ್ತುಪೂರ್ವ ಪೋಷಣೆಗೆಂದು ಮಗು ಮನೆಗೆ ಬರುತ್ತದೆ. ಹಿಂದೆ ಅಂತಿಮ ಆದೇಶ ಕೊಡುತ್ತಿದ್ದುದು ನ್ಯಾಯಾಲಯ. 2022ರ ಸೆಪ್ಟೆಂಬರಿನಿಂದ ಆ ಅಧಿಕಾರ ಜಿಲ್ಲಾಧಿಕಾರಿಯದು. ಆಮೇಲೂ ಎರಡು ವರ್ಷ, ಆರು ತಿಂಗಳಿಗೊಮ್ಮೆ, ಮಗುವಿನ ಯೋಗಕ್ಷೇಮ ವಿಚಾರಿಸಲು ಬರುತ್ತಾರೆ.

ಇಷ್ಟು ತಡವೇಕೆ ಎಂದು ಬೇಸರಪಡುವವರಿದ್ದಾರೆ. ಮಗು ದತ್ತು ಕೊಡಲು ಮುಕ್ತವೆಂದು ಮಕ್ಕಳ ಕಲ್ಯಾಣ ಸಮಿತಿ ಮೊದಲು ಘೋಷಿಸಬೇಕು. ಮಗುವನ್ನು ಒಪ್ಪಿಸಿದ ಹೆತ್ತವರಿಗೆ ಮನಸ್ಸು ಬದಲಿಸಲು ಎರಡು ತಿಂಗಳ ಅವಕಾಶ ಇರುತ್ತದೆ. ಹೆತ್ತ ತಾಯಿಯ ಸಂಕಟಕ್ಕೂ ಕಾನೂನಿನಲ್ಲಿ ಜಾಗವಿರಬೇಡವೇ? "ಆಸ್ಪತ್ರೆಯಲ್ಲಿ ಪರಿಚಯದವರಿದ್ದಾರೆ, ದುಡ್ಡು ಕೊಟ್ಟರೆ ಸಾಕು" ಎನ್ನುವವರನ್ನು ನಂಬಬೇಡಿ. 2023ರ ನವೆಂಬರಿನಲ್ಲಿ ಹಸುಗೂಸುಗಳನ್ನು ಮಾರುತ್ತಿದ್ದ ಜಾಲವೊಂದನ್ನು ಬೆಂಗಳೂರಿನ ಸಿಸಿಬಿ ಪೊಲೀಸರು ಪತ್ತೆ ಮಾಡಿದ್ದನ್ನು ನೆನಪಿಡಿ. ಮಗುವನ್ನು ಮಾರುವುದೂ ಕೊಳ್ಳುವುದೂ ಐದು ವರ್ಷದವರೆಗೆ ಸಜೆಯಾಗಬಹುದಾದ ಅಪರಾಧ. ಎಲ್ಲಾದರೂ ಅನಾಥ ಕೂಸು ಕಂಡರೆ 1098ಕ್ಕೆ ಫೋನ್ ಮಾಡಿ.

ಅರ್ಜಿಯಲ್ಲಿಲ್ಲದ ಹೆಜ್ಜೆ

ಇಷ್ಟೆಲ್ಲ ಮುಗಿದ ಮೇಲೂ ಒಂದು ಹೆಜ್ಜೆ ಉಳಿಯುತ್ತದೆ: ಮಗುವಿಗೆ ಹೇಳುವುದು. ಚಿಕ್ಕಂದಿನಲ್ಲೇ ಕತೆಯಂತೆ ಹೇಳುತ್ತ ಬಂದರೆ ಮಗು ಅದನ್ನು ತನ್ನ ಊರು, ಹೆಸರಿನಷ್ಟೇ ಸಹಜವಾಗಿ ಸ್ವೀಕರಿಸುತ್ತದೆ. ಬಚ್ಚಿಟ್ಟರೆ ನೆಂಟರ ಬಾಯಿಂದಲೋ, ನನ್ನಂಥ ಮೇಷ್ಟರ ಬೋರ್ಡಿನಿಂದಲೋ ಒಂದು ದಿನ ಹೊರಬೀಳುತ್ತದೆ. ಹದಿನೆಂಟು ತುಂಬಿದ ದತ್ತು ಮಕ್ಕಳಿಗೆ ತಮ್ಮ ಮೂಲದ ಬಗ್ಗೆ ತಿಳಿಯಲು ಅರ್ಜಿ ಹಾಕುವ ಹಕ್ಕನ್ನೂ ನಿಯಮಗಳು ಕೊಟ್ಟಿವೆ.

ಆ ದಂಪತಿಗೂ ನಾನು ಅದನ್ನೇ ಹೇಳಿದೆ. ದಸರಾ ರಜೆಯಲ್ಲಿ ಅವರು ಮಗಳನ್ನು ಕೂರಿಸಿಕೊಂಡು ಎಲ್ಲ ಹೇಳಿದರಂತೆ. ಹುಡುಗಿ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮೂರನೆಯ ದಿನ ತಾಯಿಯನ್ನು ಕೇಳಿದ್ದು ಒಂದೇ ಪ್ರಶ್ನೆ: "ನನಗೆ ಮೊದಲೇ ಯಾಕಮ್ಮ ಹೇಳಲಿಲ್ಲ?"

ಅವಳಿಗೆ ನೋವಾದದ್ದು ದತ್ತು ಮಗಳು ಎಂಬುದಕ್ಕಲ್ಲ, ಹದಿನೈದು ವರ್ಷ ಮುಚ್ಚಿಟ್ಟಿದ್ದಕ್ಕೆ.

ಅಂದಿನಿಂದ ನಾನು ಮನೆಯವರ ರಕ್ತದ ಗುಂಪು ಬರೆದು ತರಲು ಹೇಳುವುದಿಲ್ಲ. ಊಹೆಯ ಕುಟುಂಬವೊಂದನ್ನು ಬೋರ್ಡಿನ ಮೇಲೆ ಬರೆದು ಲೆಕ್ಕ ಮಾಡಿಸುತ್ತೇನೆ. ಪಾಠದ ಕೊನೆಯಲ್ಲಿ ಒಂದು ಮಾತು ಸೇರಿಸುತ್ತೇನೆ: ರಕ್ತದ ಗುಂಪು ಹೆತ್ತವರಿಂದ ಬರುತ್ತದೆ ಮಕ್ಕಳೇ, ಆದರೆ ಜ್ವರ ಬಂದ ರಾತ್ರಿ ಪಕ್ಕದಲ್ಲಿ ಕೂರುವವರು ಯಾರೆಂಬುದನ್ನು ಅದು ಹೇಳುವುದಿಲ್ಲ.