ಗದರುವುದಕ್ಕೂ ಹಾರೈಕೆಯ ರೂಪ

‘ನೊ ಕೋಮೆಸ್’ ಅಂದರೆ ‘ನೀನು ಉಣ್ಣುತ್ತಿಲ್ಲ’. ‘ನೊ ಕೋಮಾಸ್’ ಅಂದರೆ ‘ಉಣ್ಣಬೇಡ’. ನಡುವೆ ಇರುವುದು ಒಂದೇ ಸ್ವರ. ಸ್ಪೇನಿನ ಅಜ್ಜಿಯೊಬ್ಬಳು ಮೊದಲನೆಯದನ್ನು ಹೇಳಿದರೆ ತಟ್ಟೆಗೆ ಇನ್ನೊಂದು ಸೌಟು ಬೀಳುತ್ತದೆ. ಎರಡನೆಯದನ್ನು ಹೇಳಿದರೆ ಚಾಚಿದ ಕೈ ಹಿಂದಕ್ಕೆ ಬರಬೇಕು.

ನಿಯಮವೇನೋ ಸುಲಭ. ಸ್ಪ್ಯಾನಿಷ್ ಕ್ರಿಯಾಪದಗಳ ಮೂಲರೂಪ ಆರ್, ಏರ್ ಅಥವಾ ಈರ್ ಎಂದು ಮುಗಿಯುತ್ತದೆ. ನಿಷೇಧ ಹೇಳುವಾಗ ಸ್ವರಗಳು ಅದಲುಬದಲಾಗುತ್ತವೆ: ಆರ್ ಗುಂಪಿಗೆ ಎ, ಉಳಿದೆರಡಕ್ಕೆ ಆ. ‘ಅಬ್ಲಾರ್’ ಅಂದರೆ ಮಾತಾಡುವುದು. ಆಪ್ತರಿಗೆ ‘ಮಾತಾಡು’ ಎನ್ನಲು ‘ಆಬ್ಲಾ’, ‘ಮಾತಾಡಬೇಡ’ ಎನ್ನಲು ‘ನೊ ಆಬ್ಲೆಸ್’. ‘ಎಸ್ಕ್ರಿಬೀರ್’ ಅಂದರೆ ಬರೆಯುವುದು. ‘ಬರೆಯಬೇಡ’ ಎಂದರೆ ‘ನೊ ಎಸ್ಕ್ರೀಬಾಸ್’. ಪಠ್ಯಪುಸ್ತಕಗಳು ಇದನ್ನು ನೆನಪಿಟ್ಟುಕೊಳ್ಳುವ ಉಪಾಯವೆಂಬಂತೆ ಕಲಿಸುತ್ತವೆ. ಆದರೆ ಇದು ಲ್ಯಾಟಿನ್ನಿನಿಂದಲೇ ಬಂದ ಆಸ್ತಿ. ಪ್ರೀತಿಸು ಎಂಬರ್ಥದ ಧಾತುವಿಗೆ ರೋಮನ್ನರು ಬಳಸುತ್ತಿದ್ದ ‘ಆಮೆಸ್’ ರೂಪ ಇಂದಿನ ಸ್ಪ್ಯಾನಿಷ್‌ನಲ್ಲೂ ‘ಆಮೆಸ್’ ಆಗಿಯೇ ಇದೆ.

ಇಂಗ್ಲಿಷಿನ ಮೂಲಕ ಕಲಿಯುವವರಿಗೆ ಇದು ವಿಚಿತ್ರವಾಗಿ ಕಾಣುತ್ತದೆ. ಅಲ್ಲಿ ಡೋಂಟ್ ಸೇರಿಸಿದರೆ ಕೆಲಸ ಮುಗಿಯಿತು, ಕ್ರಿಯಾಪದ ಅಲುಗುವುದಿಲ್ಲ. ಸ್ಪ್ಯಾನಿಷ್ ಮಾತ್ರ ಆಜ್ಞೆಯ ರೂಪಕ್ಕೆ ‘ನೊ’ ಅಂಟಿಸಲು ಒಪ್ಪದೆ, ಹಾರೈಕೆ, ಸಂದೇಹಗಳನ್ನು ಹೇಳುವ ಬೇರೊಂದು ರೂಪವನ್ನು ಎರವಲು ತರುತ್ತದೆ. ನಮ್ಮ ‘ಮಾಡಲಿ, ಬರಲಿ’ಗಳ ನೆರೆಯದು ಅದು. ಕನ್ನಡದಿಂದ ನೇರ ಹೊರಟವರಿಗೆ ಇದರಲ್ಲಿ ಅಚ್ಚರಿ ಕಡಿಮೆ ಇರಬೇಕು. ‘ಬೇಡ’ ಎಂಬುದು ‘ಬೇಕು’ವಿನ ನಿಷೇಧ ತಾನೆ? ‘ಮಾಡಬೇಡ’ ಎಂದಾಗ ನಾವು ಹೇಳುವುದೂ ಇಷ್ಟ-ಅನಿಷ್ಟದ ಮಾತನ್ನೇ.

ಗೌರವದ ವಿಷಯಕ್ಕೆ ಬಂದರೆ ಇನ್ನೂ ಸ್ವಾರಸ್ಯವಿದೆ. ‘ನೀವು’ ಎಂಬುದಕ್ಕಿರುವ ‘ಉಸ್ತೆದ್’ ಹುಟ್ಟಿದ್ದು ‘ವುಯೆಸ್ತ್ರಾ ಮೆರ್ಸೆದ್’, ಅಂದರೆ ‘ತಮ್ಮ ಕೃಪೆ’ ಎಂಬ ಹಳೆಯ ಸಂಬೋಧನೆಯಿಂದ. ಎದುರಿಗಿರುವವರನ್ನೇ ಮೂರನೆಯವರಂತೆ ಕಂಡು ‘ತಮ್ಮ ಕೃಪೆ ಮಾತಾಡಲಿ’ ಅನ್ನುವುದೇ ‘ಆಬ್ಲೆ’. ಮಠದಲ್ಲಿ ‘ಸ್ವಾಮಿಗಳು ದಯಮಾಡಿಸಲಿ’ ಅಂದಂತೆ. ‘ಮಾತಾಡಬೇಡಿ’ ಎನ್ನಲು ಅದಕ್ಕೇ ‘ನೊ’ ಸೇರಿಸಿದರೆ ಸಾಕು, ‘ನೊ ಆಬ್ಲೆ’. ಹಲವರಿಗಾದರೆ ‘ನೊ ಆಬ್ಲೆನ್’. ಆಜ್ಞೆಗೆಂದೇ ಸ್ವಂತ ರೂಪವಿರುವುದು ಸಲಿಗೆಯವರಿಗೆ ‘ಮಾಡು, ಮಾಡಿರೋ’ ಎನ್ನುವಾಗ ಮಾತ್ರ. ಹಿರಿಯರನ್ನು ವಿನಯದಿಂದ ಕೇಳುವುದೂ ಮಗುವನ್ನು ಗದರುವುದೂ ಒಂದೇ ಖಾತೆಯಲ್ಲಿ ನಡೆಯುತ್ತದೆ. ನನ್ನ ಕಣ್ಣಿಗೆ ಆ ಭಾಷೆಯ ಸೊಗಸೆಲ್ಲ ಇಲ್ಲೇ ಇದೆ.

ಉದ್ಯಾನದ ಫಲಕಗಳು ಈ ಗೊಡವೆಗೇ ಹೋಗುವುದಿಲ್ಲ. ‘ನೊ ಪಿಸಾರ್ ಎಲ್ ಸೆಸ್ಪೆದ್’, ಹುಲ್ಲು ತುಳಿಯುವಂತಿಲ್ಲ. ಮೂಲರೂಪವನ್ನೇ ಹಾಕಿಬಿಟ್ಟರೆ ನೀನೋ ನೀವೋ ಎಂಬ ತಕರಾರೇ ಇಲ್ಲ; ನಮ್ಮಲ್ಲಿ ‘ಇಲ್ಲಿ ಉಗುಳಬಾರದು’ ಎಂದು ಬರೆದಂತೆ. ಬೈಬಲ್ಲಿನ ಹತ್ತು ಆಜ್ಞೆಗಳದು ಮತ್ತೊಂದು ದಾರಿ: ‘ನೊ ಮತರಾಸ್’, ‘ನೀನು ಕೊಲ್ಲುವುದಿಲ್ಲ’ ಎಂಬ ಭವಿಷ್ಯತ್ಕಾಲ. 1936ರಲ್ಲಿ, ಸ್ಪೇನಿನ ಅಂತರ್ಯುದ್ಧದ ವೇಳೆ, ಮ್ಯಾಡ್ರಿಡ್‌ನಲ್ಲಿ ಮೊಳಗಿದ ‘ನೊ ಪಸರಾನ್’ ಘೋಷಣೆಯೂ ಭವಿಷ್ಯತ್ತೇ, ಆದರೆ ಅದು ಆಜ್ಞೆಯಲ್ಲ. ‘ಅವರು ಒಳನುಗ್ಗಲಾರರು’ ಎಂಬ ಪಂಥ.

ತೊಡಕಿರುವುದು ಸಣ್ಣ ಪದಗಳ ಜಾಗದಲ್ಲಿ. ‘ಅದನ್ನು ಮುಟ್ಟು’ ಅನ್ನಲು ‘ತೋಕಾಲೊ’, ‘ಲೊ’ ಬಾಲಕ್ಕೆ ಅಂಟುತ್ತದೆ. ‘ಮುಟ್ಟಬೇಡ’ ಅನ್ನಲು ‘ನೊ ಲೊ ತೋಕೆಸ್’, ಅದೇ ‘ಲೊ’ ಮುಂದಕ್ಕೆ ಜಿಗಿಯುತ್ತದೆ. ಬರೆಯುವಾಗ ಕ-ಕಾರದ ಅಕ್ಷರವನ್ನೂ ಬದಲಿಸಬೇಕು, ಇಲ್ಲದಿದ್ದರೆ ರೋಮನ್ ಲಿಪಿಯಲ್ಲಿ ಅದು ‘ತೋಸೆಸ್’ ಎಂದು ಓದಿಕೊಳ್ಳುತ್ತದೆ.

ಇಷ್ಟನ್ನೆಲ್ಲ ಕಲಿತು ಬ್ಯೂನಸ್ ಐರಿಸ್‌ಗೆ ಹೋದರೆ ಅಲ್ಲಿ ‘ನೀನು’ ಎನ್ನಲು ‘ತು’ ಬದಲಿಗೆ ‘ವೊಸ್’. ‘ಮಾತಾಡು’ ಎನ್ನಲು ಕೊನೆಯ ಸ್ವರವನ್ನು ಒತ್ತಿ ‘ಅಬ್ಲಾ’ ಅನ್ನುತ್ತಾರೆ. ನಿಷೇಧಕ್ಕೆ ಪಠ್ಯದ ‘ನೊ ಆಬ್ಲೆಸ್’ ಅಲ್ಲಿಯೂ ನಡೆಯುತ್ತದೆ, ಸಿಟ್ಟು ಬಂದಾಗ ‘ನೊ ಅಬ್ಲೇಸ್’ ಎಂಬುದೂ ಕಿವಿಗೆ ಬೀಳುತ್ತದೆ.