ಧ್ವನಿಮತ: ತಲೆ ಎಣಿಸದೇ ಪಾಸು

‘ಪರ ಇರುವವರು ಹೌದು ಎನ್ನಿ, ವಿರೋಧಿಸುವವರು ಇಲ್ಲ ಎನ್ನಿ.’ ಎರಡೂ ಕೂಗು ಕೇಳಿಸಿಕೊಂಡು ಸಭಾಧ್ಯಕ್ಷರು ಮಸೂದೆ ಪಾಸು ಅಂತಾರೆ. ಇದೇ ಧ್ವನಿಮತ. ಯಾರು ಯಾವ ಕಡೆ ಅನ್ನೋದಕ್ಕೆ ದಾಖಲೆಯೇ ಇರಲ್ಲ.

ಒಪ್ಪದವರು ಡಿವಿಷನ್, ಅಂದರೆ ಮತ ಎಣಿಕೆ, ಕೇಳಬಹುದು. ಆಗ ಲೋಕಸಭೆಯಲ್ಲಿ ಮೂರೂವರೆ ನಿಮಿಷ ಗಂಟೆ ಹೊಡೆಯುತ್ತೆ. ಕ್ಯಾಂಟೀನಲ್ಲಿದ್ದವರೂ ಓಡಿ ಬರಬೇಕು, ಆಮೇಲೆ ಬಾಗಿಲು ಬಂದ್. ಯಾರ ಮತ ಯಾವ ಕಡೆ ಅಂತ ಹೆಸರು ಸಮೇತ ದಾಖಲಾಗುತ್ತೆ.

2020ರ ಸೆಪ್ಟೆಂಬರ್ 20, ರಾಜ್ಯಸಭೆ, ಎರಡು ಕೃಷಿ ಮಸೂದೆ. ವಿಪಕ್ಷಗಳು ಡಿವಿಷನ್ ಕೇಳಿದವು. ಗದ್ದಲದಲ್ಲಿ ಎಣಿಸೋಕೆ ಆಗಲ್ಲ ಅನ್ನೋದು ಪೀಠದ ವಾದ. ಧ್ವನಿಮತದಲ್ಲೇ ಮುಗೀತು. ಇಷ್ಟು ದೊಡ್ಡ ಕಾನೂನಿಗೆ ಸದನ ತಣ್ಣಗಾಗೋವರೆಗೆ ಕಾಯಬಹುದಿತ್ತು, ಬಿಡಿ.

2021ರ ನವೆಂಬರ್ 29ರಂದು ಆ ಕಾಯ್ದೆಗಳನ್ನು ರದ್ದು ಮಾಡುವ ಮಸೂದೆ ಸಂಸತ್ತಿನಲ್ಲಿ ಪಾಸಾಯಿತು. ಅದೂ ಧ್ವನಿಮತದಿಂದಲೇ; ಲೋಕಸಭೆಯಲ್ಲಂತೂ ಚರ್ಚೆಯೇ ಇಲ್ಲದೆ.